ಪಟ್ಟಾದ ಜೋಡು ಎಣಿಸುತ್ತಿದ್ದ ಕಾಲ

ನಮ್ಮಪ್ಪ ಬೈಲಹೊಂಗಲದಲ್ಲಿ ಇಂಜಿನ್ ಮಿಸ್ತ್ರಿ. ಹನ್ನೆರಡನೆಯ ವಯಸ್ಸಿಗೇ ಅವರ ಪಾನಾಗಳ ಚೀಲ ನನ್ನ ಹೆಗಲಿಗೆ ಬಂತು. ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿಂದ ಕರೆ ಬಂದರೂ ಹೋಗುತ್ತಿದ್ದೆವು. ಹಿಟ್ಟಿನ ಗಿರಣಿಯವರ ದೂರು ಹೆಚ್ಚಾಗಿ ಒಂದೇ: "ಮಿಸ್ತ್ರಿಯವರ, ಇಂಜಿನ್ ಒಂದ ಹದಕ್ಕ ನಿಂದ್ರವಲ್ದ್ರೀ." ಹದಕ್ಕೆ ನಿಲ್ಲಿಸುವ ಆ ಭಾಗಕ್ಕೆ ನಮ್ಮ ಕಡೆ ಎಲ್ಲರೂ ಗವರ್ನರ್ ಎಂದೇ ಅನ್ನುತ್ತಿದ್ದರು.

ಜೇಮ್ಸ್ ವ್ಯಾಟ್ 1788ರಲ್ಲಿ ಉಗಿ ಯಂತ್ರಕ್ಕೆ ಕೂಡಿಸಿದ ಸುತ್ತುಗುಂಡಿನ ಗವರ್ನರೇ ಇದರ ಹಿರಿಯ. ಗುಂಡಿನ ಉಪಾಯ ಅದಕ್ಕೂ ಮೊದಲು ಗಾಳಿಗಿರಣಿಗಳಲ್ಲಿ ಇತ್ತು. ಅಂದರೆ ಇದು ಹಿಟ್ಟು ಬೀಸುವವರ ಮನೆಯಿಂದಲೇ ಹೊರಟದ್ದು. ನಾವು ಬಿಚ್ಚಿ ಕೂಡಿಸುತ್ತಿದ್ದದ್ದು ಲಿಸ್ಟರ್ ಮಾದರಿಯ ಕ್ರೂಡಾಯಿಲ್ ಇಂಜಿನ್: ಆರು ಕುದುರೆ ಶಕ್ತಿ, ಎರಡು ಭಾರಿ ಗಾಲಿ, ನಿಮಿಷಕ್ಕೆ 650 ಸುತ್ತು. ಕಿರ್ಲೋಸ್ಕರ್ ಇಂಜಿನ್ ಕಂಡಾಗ ಮಾತ್ರ ಅಪ್ಪನ ಮುಖ ಅರಳುತ್ತಿತ್ತು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ನಮ್ಮ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು, 1910ರಲ್ಲಿ ಔಂಧ್ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ಆ ಮನೆತನದ ಆಯಿಲ್ ಇಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಶುರುವಾಯಿತು. "ನಮ್ಮೂರ ಮಗಾ ಮಾಡಿದ್ದು" ಅನ್ನುತ್ತಿದ್ದರು ಅಪ್ಪ.

ಗವರ್ನರಿನ ಕೆಲಸ ಕಣ್ಣಿಗೆ ಕಾಣುವಷ್ಟು ಸರಳ. ಕಲ್ಲಿನ ಬಾಯಿಗೆ ಜೋಳ ಬಿತ್ತೆಂದರೆ ಇಂಜಿನ್ ಮೇಲೆ ಭಾರ ಬೀಳುತ್ತದೆ, ವೇಗ ಕುಗ್ಗುತ್ತದೆ. ಸುತ್ತುವ ಗುಂಡುಗಳು ಒಳಕ್ಕೆ ಸರಿಯುತ್ತವೆ, ಸ್ಪ್ರಿಂಗ್ ಜಗ್ಗುತ್ತದೆ, ಪಂಪು ಎಣ್ಣೆ ಹೆಚ್ಚು ಕೊಡುತ್ತದೆ. ಜೋಳ ಮುಗಿದರೆ ಇದೆಲ್ಲ ತಿರುವುಮುರುವು. ಸ್ಪ್ರಿಂಗಿನ ನಟ್ ಬಿಗಿದರೆ ವೇಗ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಆದರೆ ಎಷ್ಟು ಬಿಗಿಯಬೇಕು? ಸುತ್ತು ಅಳೆಯುವ ಮೀಟರ್ ನಮ್ಮಲ್ಲಿ ಇರಲಿಲ್ಲ. ಪಟ್ಟಾದ ಎರಡು ತುದಿ ಕೂಡಿಸಿದ ಜೋಡು ಇಂಜಿನ್ನಿನ ಪುಲ್ಲಿಯ ಮೇಲೆ ಬಂದಾಗೊಮ್ಮೆ ಟಪ್ ಅನ್ನುತ್ತದೆ; ಅಪ್ಪ ಅದನ್ನೇ ಎಣಿಸುತ್ತಿದ್ದರು. ಪಟ್ಟಾ 24 ಅಡಿ, ಇಂಜಿನ್ನಿನ ಪುಲ್ಲಿಯ ಸುತ್ತಳತೆ 3 ಅಡಿ ಇದ್ದರೆ, ಜೋಡು ಒಂದು ಸಲ ಬರುವಷ್ಟರಲ್ಲಿ ಇಂಜಿನ್ ಎಂಟು ಸುತ್ತು ತಿರುಗಿರುತ್ತದೆ. ನಿಮಿಷಕ್ಕೆ 81 ಸಲ ಟಪ್ ಅಂದರೆ ಹತ್ತಿರ ಹತ್ತಿರ 650. ಅಪ್ಪ ಕಣ್ಣು ಮುಚ್ಚಿ ಎಣಿಸುವರು, ನಾನು ಗಡಿಯಾರ ಹಿಡಿದು ನಿಲ್ಲುವೆ.

ಒಂದು ಹಳ್ಳಿಯಲ್ಲಿ ಯಾರೋ ತುಂಡಾದ ಸ್ಪ್ರಿಂಗಿನ ಬದಲು ಸಿಕ್ಕ ಸ್ಪ್ರಿಂಗ್ ಹಾಕಿ ನಡೆಸಿದ್ದರು. ಬೀಸುವಾಗಲೇ ಪಟ್ಟಾ ಕಳಚಿ, ಭಾರ ಇಲ್ಲದ ಇಂಜಿನ್ ಹುಚ್ಚೆದ್ದು ಓಡಿತು. ತಗಡಿನ ಮಾಡು ನಡುಗುತ್ತಿತ್ತು. ಅಪ್ಪ ಎಣ್ಣೆಯ ನಳ ತಿರುವಿದರೂ ಅದು ನಿಲ್ಲಲು ಹೊತ್ತು ಹಿಡಿಯಿತು. ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಅವತ್ತು ಅದನ್ನು ಸರಿಪಡಿಸುವಾಗ ಅಪ್ಪ ಇನ್ನೊಂದು ಮಾತು ಕಲಿಸಿದರು: "ಮೊದಲ ಇಂಜಿನ್ ಸುದ್ದ ಮಾಡು, ಆಮ್ಯಾಲ ಗವರ್ನರಿಗೆ ಕೈ ಹಚ್ಚು." ನಾಝಲ್ ಕೆಟ್ಟ ಇಂಜಿನ್ನಿಗೆ ಎಂಥ ಗವರ್ನರ್ ಇದ್ದರೂ ಅದು ಏರುತ್ತ ಇಳಿಯುತ್ತ ಏದುಸಿರು ಬಿಡುತ್ತದೆ.

ಊರೂರಿಗೆ ಕರೆಂಟು ಬಂದ ಮೇಲೆ ಗಿರಣಿಗೆ ಮೋಟರು ಬಂತು. ಯಲ್ಲಮ್ಮನ ಗುಡ್ಡದ ಜಾತ್ರೆಗೆ ಲೈಟಿನ ಜನರೇಟರ್ ನೋಡಿಕೊಳ್ಳುವುದಷ್ಟೇ ನನಗೆ ಉಳಿಯಿತು.

ಹೋದ ಸುಗ್ಗಿಯಾದ ಮೇಲೆ ಮೊಮ್ಮಗ ರೇಡಿಯೋದಿಂದ ಹಾರಿಸುವ ಹೆಲಿಕಾಪ್ಟರ್ ತಂದ. ಮೆಥನಾಲ್ ಕುಡಿಯುವ ಪುಟ್ಟ ಇಂಜಿನ್. "ಅಜ್ಜಾ, ಇದರಾಗೂ ಗವರ್ನರ್ ಐತಿ ನೋಡು" ಎಂದ. ಗುಂಡಿಲ್ಲ, ಸ್ಪ್ರಿಂಗಿಲ್ಲ. ತಂಪು ಮಾಡುವ ಫ್ಯಾನಿಗೆ ಒಂದು ಚೂರು ಅಯಸ್ಕಾಂತ, ಎದುರಿಗೆ ಒಂದು ಸೆನ್ಸರ್. ಅಯಸ್ಕಾಂತ ಎದುರಿಗೆ ಬಂದಾಗೊಮ್ಮೆ ಒಂದು ಎಣಿಕೆ. ನನಗೆ ಪಟ್ಟಾದ ಜೋಡೇ ಕಂಡಿತು! ಮೇಲಿನ ರೆಕ್ಕೆ ನಿಮಿಷಕ್ಕೆ 1,800 ಸುತ್ತು ತಿರುಗಬೇಕು, ಗೇರು 8.5ಕ್ಕೆ ಒಂದು. ಹಾಗಾದರೆ ಇಂಜಿನ್ 15,300. ರೆಕ್ಕೆಯ ಓರೆ ಹೆಚ್ಚಿಸಿದರೆ ಭಾರ ಬೀಳುತ್ತದೆ, ಗವರ್ನರ್ ಥ್ರಾಟಲ್ ತೆರೆಯುತ್ತದೆ. ಜೋಳ ಬಿದ್ದ ಕಲ್ಲಿನ ಲೆಕ್ಕವೇ.

ಕೊಯ್ದ ಹೊಲದಲ್ಲಿ ಹಾರಿಸಿದರೆ ಅದೂ ಏದುಸಿರು ಬಿಟ್ಟಿತು. ಅವನು ಗವರ್ನರಿನ ಅಂಕಿಯನ್ನೇ ತಿದ್ದುತ್ತ ಕೂತಿದ್ದ. ನಾನು ಅಪ್ಪನ ಮಾತು ಹೇಳಿದೆ. ಗವರ್ನರ್ ಬಂದ್ ಮಾಡಿ, ಎಣ್ಣೆಯ ಸೂಜಿ ಹದ ಮಾಡಿ, ಥ್ರಾಟಲ್ ಸರಿಪಡಿಸಿ, ಗವರ್ನರ್ ಇಲ್ಲದೆಯೇ ನೆಟ್ಟಗೆ ಹಾರುವಂತೆ ಮಾಡಿಕೊಂಡ. ಆಮೇಲೆ ಗವರ್ನರ್ ಚಾಲೂ ಮಾಡಿದ. ಸದ್ದು ಒಂದೇ ಸಮ ನಿಂತಿತು.

ನಿಮ್ಮ ಊರಿನ ಹಾಳು ಗಿರಣಿಯಲ್ಲಿ ಹಳೆಯ ಇಂಜಿನ್ ಇನ್ನೂ ಇದ್ದರೆ ಗುಜರಿಗೆ ಹಾಕಬೇಡಿ. ಅದರ ತಗಡಿನ ಮೇಲೆ ಕೆತ್ತಿದ ಹೆಸರು, ನಂಬರು, ಸುತ್ತುಗಳ ಲೆಕ್ಕ ಬರೆದಿಟ್ಟುಕೊಳ್ಳಿ. ಅದನ್ನು ನಡೆಸಿದ ಮಿಸ್ತ್ರಿ ಬದುಕಿದ್ದರೆ ಈ ವಾರವೇ ಹೋಗಿ ಮಾತಾಡಿಸಿ.