ಮಂಗಳೂರಿನ ಮೀನುಗಾರಿಕೆ

ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಕೂಡಿ ಅರಬ್ಬೀ ಸಮುದ್ರ ಸೇರುವ ಅಳಿವೆಯ ಒಳಗೆ, ಹಳೆ ಬಂದರಿನ ದಕ್ಕೆಯ ಸುತ್ತ ಬೆಳೆದ ಕಡಲ ಕಸುಬು. ಮಲ್ಪೆಯೊಂದಿಗೆ ಮಂಗಳೂರು ಕರ್ನಾಟಕ ಕರಾವಳಿಯ ಪ್ರಮುಖ ಮೀನುಗಾರಿಕಾ ನೆಲೆ. ಬೆಂಗ್ರೆ, ಹೊಯಿಗೆಬಜಾರ್, ಬೋಳಾರ, ಉಳ್ಳಾಲಗಳ ಮೊಗವೀರರೂ ಬ್ಯಾರಿಗಳೂ ಈ ಕಸುಬನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ಬಲೆ, ದೋಣಿ, ಪೇಟೆ ಎಲ್ಲ ಬದಲಾದರೂ ಬೂತಾಯಿ ಮತ್ತು ಬಂಗುಡೆ ಮೀನುಗಳ ಮೇಲಿನ ಅವಲಂಬನೆ ಮಾತ್ರ ಉಳಿದಿದೆ.

ಕಡಲು ಮತ್ತು ಮೀನು

ನೈಋತ್ಯ ಮಳೆಗಾಲದಲ್ಲಿ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇರುತ್ತದೆ. ಅದರಿಂದ ಸೂಕ್ಷ್ಮ ಸಸ್ಯಜೀವಿಗಳು ಹುಲುಸಾಗಿ ಬೆಳೆಯುತ್ತವೆ. ಅವನ್ನು ಮೇಯಲು ಬೂತಾಯಿ ಹಿಂಡುಹಿಂಡಾಗಿ ದಡದತ್ತ ಬರುತ್ತದೆ. ಇದರ ಆಯುಸ್ಸು ಎರಡು ಮೂರು ವರ್ಷ ಮಾತ್ರ. ಒಂದು ವರ್ಷ ಮರಿಗಳು ಬದುಕುಳಿಯದಿದ್ದರೆ ಮುಂದಿನ ವರ್ಷವೇ ದಕ್ಕೆಗೆ ಬರುವ ಮೀನು ಇಳಿಯುತ್ತದೆ.

ಎಣ್ಣೆ, ಗೊಬ್ಬರ, ಉಪ್ಪುಮೀನು

ಮಂಜುಗಡ್ಡೆ ಇಲ್ಲದ ಕಾಲದಲ್ಲಿ ಹಸಿಮೀನು ಹೆಚ್ಚು ದೂರ ಹೋಗುತ್ತಿರಲಿಲ್ಲ. ತಿಂದು ಮಿಕ್ಕದ್ದು ಉಪ್ಪುಮೀನಾಗುತ್ತಿತ್ತು, ಇಲ್ಲವೇ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಆಗ ಮಂಗಳೂರು ಇರುವ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ 1907ರಲ್ಲಿ ಮೀನುಗಾರಿಕಾ ಬ್ಯೂರೋ ಶುರುವಾಯಿತು. ಅದರ ರೂವಾರಿ ಫ್ರೆಡರಿಕ್ ನಿಕಲ್ಸನ್ ಬೂತಾಯಿಯನ್ನು ಬೇಯಿಸಿ ಹಿಂಡಿ ಎಣ್ಣೆಯನ್ನೂ ಗೊಬ್ಬರವನ್ನೂ ತೆಗೆಯುವ ಸಣ್ಣ ಕಾರ್ಖಾನೆಗಳನ್ನು ಪ್ರೋತ್ಸಾಹಿಸಿದರು. ಮಲಬಾರಿನಿಂದ ದಕ್ಷಿಣ ಕನ್ನಡದವರೆಗೆ ಅವು ಹಬ್ಬಿದವು. 1940ರ ದಶಕದಲ್ಲಿ ಬೂತಾಯಿ ಕುಸಿದಾಗ ಸರಕಾರವೇ ಅದರ ಹಿಡಿತಕ್ಕೆ ನಿರ್ಬಂಧ ಹಾಕಬೇಕಾಯಿತು.

ರಂಪಣಿಯ ಕಾಲ

ಇಲ್ಲಿನ ಸಾಂಪ್ರದಾಯಿಕ ಮೀನುಗಾರಿಕೆಯ ಅತಿ ದೊಡ್ಡ ಸಲಕರಣೆ ರಂಪಣಿ. ಹಲವರು ತಂದ ತುಂಡುಗಳನ್ನು ಜೋಡಿಸಿ ಆ ಉದ್ದನೆಯ ಬಲೆಯನ್ನು ಕಟ್ಟುತ್ತಿದ್ದರು. ಹಿಂಡು ಕಂಡೊಡನೆ ದೋಣಿಯಲ್ಲಿ ಹೋಗಿ ಅರ್ಧಚಂದ್ರಾಕಾರದಲ್ಲಿ ಬಲೆ ಬಿಟ್ಟು, ಎರಡೂ ತುದಿಯ ಹಗ್ಗಗಳನ್ನು ದಡದಿಂದ ಹತ್ತಾರು ಮಂದಿ ಎಳೆಯುತ್ತಿದ್ದರು. ಬಲೆಯೊಳಗಿನ ಮೀನನ್ನು ನೀರಿನಲ್ಲೇ ಜೀವಂತವಾಗಿ ಇಟ್ಟುಕೊಂಡು ಬೇಕಾದಷ್ಟೇ ತೆಗೆಯಬಹುದಿತ್ತು. ಗಳಿಕೆ ಪಾಲುದಾರರಿಗೆಲ್ಲ ಹಂಚಿಕೆಯಾಗುತ್ತಿತ್ತು. ಮೀನು ದಡಕ್ಕೆ ಬಂದರಷ್ಟೇ ರಂಪಣಿಗೆ ಕೆಲಸ. ಆ ಮಿತಿಯೇ ಮೀನಿಗೂ ರಕ್ಷಣೆಯಾಗಿತ್ತು.

ಯಂತ್ರದ ದೋಣಿಗಳು

ಸಿಗಡಿಯ ರಫ್ತು ಪೇಟೆ ತೆರೆದುಕೊಂಡಂತೆ 1960ರ ದಶಕದಲ್ಲಿ, ಬಲೆಯನ್ನು ಎಳೆದುಕೊಂಡು ಹೋಗುವ ಟ್ರಾಲ್ ಬೋಟುಗಳು ಹೆಚ್ಚಿದವು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದಿತು. ಅದು ಹಿಂಡನ್ನು ದಡ ತಲುಪುವ ಮೊದಲೇ ಸುತ್ತುವರಿಯಿತು. ಕೆಲವೇ ವರ್ಷಗಳಲ್ಲಿ ರಂಪಣಿಗಳು ಖಾಲಿಯಾದವು, ಕಡಲಕರೆಯಲ್ಲಿ ಘರ್ಷಣೆಗಳಾದವು. ರಂಪಣಿಯ ಅನೇಕರು ಮುಂದೆ ಪರ್ಸೀನ್ ಬೋಟುಗಳಲ್ಲೇ ಪಾಲುದಾರರೂ ಕೆಲಸಗಾರರೂ ಆದರು. 1975ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಉದ್ಘಾಟನೆಯಾಗಿ ದೊಡ್ಡ ಹಡಗುಗಳು ಅತ್ತ ಹೋದ ಮೇಲೆ ಹಳೆ ಬಂದರಿನಲ್ಲಿ ಮೀನುಗಾರಿಕೆಯೇ ಮುಖ್ಯವಾಯಿತು. ಮುಂದೆ ಮಂಜುಗಡ್ಡೆ ತುಂಬಿಕೊಂಡು ದಿನಗಟ್ಟಲೆ ಕಡಲಲ್ಲೇ ಇರುವ ಬೋಟುಗಳು ಬಂದವು. ಅವುಗಳಲ್ಲಿ ಹೊರರಾಜ್ಯಗಳ ಕಾರ್ಮಿಕರೂ ದುಡಿಯುತ್ತಾರೆ.

ಕಲಿಕೆ ಮತ್ತು ಸಾಕಣೆ

ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಮಂಗಳೂರಿನಲ್ಲಿ ಆರಂಭವಾಯಿತು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇಲ್ಲಿದೆ. 1990ರ ದಶಕದಲ್ಲಿ ಸಿಗಡಿ ಸಾಕುವ ಕೆರೆಗಳನ್ನು ಬಿಳಿಚುಕ್ಕೆ ವೈರಸ್ ನಾಶ ಮಾಡಿದಾಗ, ಕಾಲೇಜಿನ ಇಡ್ಯ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ಆ ರೋಗದ ಮೇಲೆ ಮಹತ್ವದ ಸಂಶೋಧನೆ ನಡೆಸಿದರು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ಸಾಕಿದ ಜಲಪ್ರಾಣಿಗಳ ಪ್ರಮಾಣ 9.44 ಕೋಟಿ ಟನ್, ಹಿಡಿದದ್ದು 9.1 ಕೋಟಿ ಟನ್. ಸಾಕಣೆ ಹಿಡಿತವನ್ನು ಮೀರಿದ್ದು ಇದೇ ಮೊದಲು. ಇದರಿಂದ ಕಡಲಿನ ಹೊರೆ ತಾನಾಗಿ ಇಳಿಯುವುದಿಲ್ಲ. ಸಿಗಡಿಯಂಥವುಗಳ ತಿನಿಸಿಗೆ ಮೀನುಹುಡಿ ಬೇಕು. ಉಳ್ಳಾಲ, ಮುಕ್ಕಗಳ ಫಿಶ್‌ಮೀಲ್ ಕಾರ್ಖಾನೆಗಳು ಬೂತಾಯಿಯ ಜತೆಗೆ ಟ್ರಾಲ್ ಬಲೆಗೆ ಸಿಕ್ಕ ಸಣ್ಣ ಮೀನನ್ನೂ ಕೊಳ್ಳುತ್ತವೆ. ಅದರಲ್ಲಿ ಬೆಳೆಯಬೇಕಾದ ಮರಿಗಳೂ ಇರುತ್ತವೆ. ಒಂದು ಕಾಲಕ್ಕೆ ಗೊಬ್ಬರಕ್ಕೆ ಹೋಗುತ್ತಿದ್ದ ಬಡವರ ಮೀನಾದ ಬೂತಾಯಿ ಈಗ ಸಾಕುವ ಕೆರೆಗೆ ಹೋಗುತ್ತಿದೆ. ಹೊರಗಿನ ತಿನಿಸು ಬೇಡದ ಪಚ್ಚಿಲೆ ಎಂಬ ಚಿಪ್ಪುಜೀವಿಯ ಕೃಷಿ ಅಳಿವೆಗಳಿಗೆ ಹೆಚ್ಚು ಒಗ್ಗುವ ದಾರಿ.

ಕಟ್ಟಳೆಗಳು ಮತ್ತು ಭವಿಷ್ಯ

ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ; ನಾಡದೋಣಿಗಳಿಗೆ ವಿನಾಯಿತಿ ಇದೆ. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ಕೃತಕ ಬೆಳಕಿನಿಂದ ಮೀನು ಸೆಳೆದು ಹಿಡಿಯುವುದನ್ನೂ ಎರಡು ಬೋಟುಗಳು ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ನಿಷೇಧಿಸಿತು.

ಆಹಾರ ಮತ್ತು ಕೃಷಿ ಸಂಸ್ಥೆಯದೇ ಲೆಕ್ಕದಂತೆ ಜಗತ್ತಿನ ಕಡಲುಗಳಲ್ಲಿ 1974ರಲ್ಲಿ ಸುಮಾರು ಶೇ. 10ರಷ್ಟಿದ್ದ ಮಿತಿಮೀರಿ ಹಿಡಿದ ಮೀನು ಸಂಗ್ರಹಗಳು 2021ಕ್ಕೆ ಶೇ. 37.7ಕ್ಕೇರಿದ್ದವು. ನೆರೆಯ ಕೇರಳದಲ್ಲಿ 2012ರ ದಾಖಲೆಯ ಹಿಡಿತದ ಬಳಿಕ ಬೂತಾಯಿ ಕುಸಿಯಿತು. ಮಂಗಳೂರಿನ ಇತಿಹಾಸದಲ್ಲಿ ಹಿಡಿಯುವ ಶಕ್ತಿ ಮೊದಲು ಬಂದಿದೆ, ಕಟ್ಟಳೆ ತಡವಾಗಿ ಬಂದಿದೆ. ಎರಡು ತಿಂಗಳ ರಜೆಯಲ್ಲಿ ಹುಟ್ಟಿದ ಮರಿಯನ್ನು ಆಗಸ್ಟಿನಲ್ಲೇ ಹಿಡಿದು ಹುಡಿ ಮಾಡಿದರೆ ಆ ರಜೆಯ ಫಲ ಯಾರಿಗೂ ಸಿಗುವುದಿಲ್ಲ. ಬಲೆಯ ಕಣ್ಣಿನ ಅಳತೆ, ಹಿಡಿಯಬಹುದಾದ ಮೀನಿನ ಕನಿಷ್ಠ ಗಾತ್ರ, ಬೋಟುಗಳ ಸಂಖ್ಯೆ ಈ ಮೂರನ್ನೂ ದಕ್ಕೆಯಲ್ಲೇ, ಮೀನುಗಾರರ ಒಪ್ಪಿಗೆಯೊಂದಿಗೆ ಜಾರಿಗೆ ತರುವುದೇ ಇಲ್ಲಿನ ಮೀನುಗಾರಿಕೆ ಉಳಿಯುವ ಮಾರ್ಗ.