ಹುಚ್ಚರ ಅಟಾರ್ನಿ ಜನರಲ್

1812ರ ಮೇ 11ರ ಸಂಜೆ ಬ್ರಿಟನ್ನಿನ ಪ್ರಧಾನಮಂತ್ರಿ ಸ್ಪೆನ್ಸರ್ ಪರ್ಸಿವಲ್ ಪಾರ್ಲಿಮೆಂಟಿನ ಹಜಾರದಲ್ಲಿಯೇ ಗುಂಡೇಟಿಗೆ ಬಲಿಯಾದರು. ಆ ದೇಶದಲ್ಲಿ ಕೊಲೆಗೀಡಾದ ಪ್ರಧಾನಿ ಇಂದಿಗೂ ಅವರೊಬ್ಬರೇ. ಕೊಂದವನು ಜಾನ್ ಬೆಲ್ಲಿಂಗ್‌ಹ್ಯಾಮ್ ಎಂಬ ವರ್ತಕ. ಅವನ ಚಿತ್ತ ಸ್ವಾಸ್ಥ್ಯ ಕೆಟ್ಟಿದೆಯೆಂದು ವಕೀಲರು ವಾದಿಸಿದರೂ ನ್ಯಾಯಾಲಯ ಕಿವಿಗೊಡಲಿಲ್ಲ. ಒಂದೇ ವಾರದಲ್ಲಿ ಗಲ್ಲಿಗೇರಿಸಿಬಿಟ್ಟರು. ಇತಿಹಾಸದ ಪಾಠದ ನಡುವೆ ಮಕ್ಕಳು ತೂಕಡಿಸತೊಡಗಿದಾಗ ನಾನು ಈ ಪ್ರಸಂಗವನ್ನು ಹೇಳಿ ಅವರನ್ನು ಎಚ್ಚರಗೊಳಿಸುತ್ತಿದ್ದುದುಂಟು. ಆದರೆ ಅಂದು ತಂದೆಯನ್ನು ಕಳೆದುಕೊಂಡ ಒಂಬತ್ತು ವರ್ಷದ ಮಗನೊಬ್ಬನ ಕಥೆ ಇದಕ್ಕಿಂತ ದೊಡ್ಡದೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ.

ಆತನ ಹೆಸರು ಜಾನ್ ಥಾಮಸ್ ಪರ್ಸಿವಲ್. ಸೈನ್ಯದಲ್ಲಿ ಅಧಿಕಾರಿಯಾಗಿದ್ದು, ಅದನ್ನು ಬಿಟ್ಟು ಆಕ್ಸ್‌ಫರ್ಡಿಗೆ ಓದಲು ಹೋದವನು. ತೀವ್ರ ದೈವಭಕ್ತ. 1830ರಲ್ಲಿ ಸ್ಕಾಟ್ಲೆಂಡಿನಲ್ಲಿ ಪವಾಡಗಳು ನಡೆಯುತ್ತಿವೆಯೆಂಬ ಸುದ್ದಿ ಕೇಳಿ ಅಲ್ಲಿಗೆ ಹೋದ; ಅಲ್ಲಿಂದ ಡಬ್ಲಿನ್ನಿಗೆ. ಆ ವರ್ಷದ ಕೊನೆಗೆ ಬುದ್ಧಿಭ್ರಮಣೆಯಾಯಿತು. ಅಶರೀರವಾಣಿಗಳು ಕೇಳಿಸತೊಡಗಿ, ಅವು ಆಜ್ಞಾಪಿಸಿದಂತೆ ಈತ ನಡೆಯತೊಡಗಿದ. ಮನೆಯವರು 1831ರ ಆರಂಭದಲ್ಲಿ ಬ್ರಿಸ್ಟಲ್ ಸಮೀಪದ ಬ್ರಿಸ್ಲಿಂಗ್ಟನ್ ಹೌಸ್ ಎಂಬ ಖಾಸಗಿ ಆಶ್ರಯಕ್ಕೆ ಸೇರಿಸಿದರು. ಶ್ರೀಮಂತರಿಗಾಗಿಯೇ ಇದ್ದ, ಒಳ್ಳೆಯ ಹೆಸರು ಪಡೆದಿದ್ದ ಸ್ಥಳವದು. ಅಲ್ಲಿ ಆತನಿಗೆ ದೊರೆತದ್ದು ಕೈ ಕಟ್ಟುವ ಅಂಗಿ, ಹಾಸಿಗೆಗೆ ಬಿಗಿಯುವ ಪಟ್ಟಿಗಳು, ತಣ್ಣೀರಿನ ಬಲವಂತದ ಸ್ನಾನ. ಮುಂದೆ ಸಸೆಕ್ಸಿನ ಟೈಸ್‌ಹರ್ಸ್ಟ್ ಎಂಬಲ್ಲಿಗೆ ಬದಲಾಯಿಸಿದರು. ಹೊರಬಂದದ್ದು 1834ರಲ್ಲಿ.

ಗಮನಿಸಬೇಕಾದ ಸಂಗತಿಯೆಂದರೆ, ತನಗೆ ಹುಚ್ಚು ಹಿಡಿದಿರಲಿಲ್ಲವೆಂದು ಪರ್ಸಿವಲ್ ಎಂದೂ ವಾದಿಸಲಿಲ್ಲ. ಹಿಡಿದಿತ್ತು ಎಂದೇ ಬರೆದ. ಆ ವಾಣಿಗಳು ಸುಳ್ಳೆಂಬುದನ್ನು ತಾನೇ ಒಂದೊಂದಾಗಿ ಪರೀಕ್ಷಿಸಿ ಕಂಡುಕೊಂಡ ಬಗೆಯನ್ನೂ ವಿವರಿಸಿದ. ಆತನ ದೂರು ಬೇರೆ: ತನ್ನನ್ನು ಕಟ್ಟಿದವರಾಗಲಿ, ಮೀಯಿಸಿದವರಾಗಲಿ ಏಕೆ ಹಾಗೆ ಮಾಡುತ್ತಿದ್ದೇವೆಂದು ಒಂದು ಮಾತು ಹೇಳಲಿಲ್ಲ. ಮರದ ತುಂಡಿನೊಡನೆ ಯಾರು ಮಾತನಾಡುತ್ತಾರೆ! ಬುದ್ಧಿ ತಿಳಿಯಾದ ಮೇಲೆ ಸಿಟ್ಟಿನಿಂದ ಪತ್ರ ಬರೆದರೆ, ಆ ಸಿಟ್ಟೇ ರೋಗ ಇನ್ನೂ ಬಿಟ್ಟಿಲ್ಲವೆಂಬುದಕ್ಕೆ ಸಾಕ್ಷಿಯಾಗುತ್ತಿತ್ತು. ಸುಮ್ಮನಿದ್ದರೆ ಒಪ್ಪಿಗೆ, ಮಾತನಾಡಿದರೆ ಹುಚ್ಚು. ಈ ಬಲೆಯಿಂದ ಹೊರಬರುವ ದಾರಿಯಾದರೂ ಯಾವುದು?

ತನ್ನ ಅನುಭವವನ್ನು ಆತ ಎರಡು ಸಂಪುಟಗಳಲ್ಲಿ ಬರೆದು ಪ್ರಕಟಿಸಿದ. 1838ರ ಮೊದಲನೆಯದರಲ್ಲಿ ಲೇಖಕನ ಹೆಸರಿರಲಿಲ್ಲ. 1840ರ ಎರಡನೆಯದರಲ್ಲಿ ಇತ್ತು. ಮಾಜಿ ಪ್ರಧಾನಿಯ ಮಗ ತಾನು ಹುಚ್ಚನಾಗಿದ್ದೆನೆಂದು ಹೆಸರು ಹಾಕಿ ಹೇಳುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. (ಬಹುಕಾಲ ಮರೆತುಹೋಗಿದ್ದ ಈ ಗ್ರಂಥವನ್ನು 1961ರಲ್ಲಿ ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್ ಸಂಪಾದಿಸಿ ಮತ್ತೆ ಬೆಳಕಿಗೆ ತಂದರು.)

1845ರಲ್ಲಿ ಪರ್ಸಿವಲ್ ಮತ್ತು ಕೆಲವರು ಸೇರಿ ಲಂಡನ್ನಿನಲ್ಲಿ ಒಂದು ಸಂಘ ಕಟ್ಟಿದರು. ‘ಅಲೆಜ್ಡ್ ಲುನಾಟಿಕ್ಸ್ ಫ್ರೆಂಡ್ ಸೊಸೈಟಿ’, ಅಂದರೆ ಹುಚ್ಚರೆಂದು ಹೇಳಲಾದವರ ಮಿತ್ರ ಸಂಘ. ಇದರ ಸ್ಥಾಪಕರಲ್ಲಿ ರಿಚರ್ಡ್ ಪ್ಯಾಟರ್ನಾಸ್ಟರ್ ಎಂಬವನನ್ನು ಕಂಡಾಗ ನನಗೆ ವಿಶೇಷ ಕುತೂಹಲವಾಯಿತು. ಈತ ಈಸ್ಟ್ ಇಂಡಿಯಾ ಕಂಪೆನಿಯ ನೌಕರನಾಗಿ ನಮ್ಮ ಮದರಾಸು ಪ್ರಾಂತದಲ್ಲಿ ಕೆಲಸ ಮಾಡಿ ಹಿಂದಿರುಗಿದವನು! ತಂದೆಯೊಡನೆ ಹಣದ ವಿಚಾರಕ್ಕೆ ಜಗಳವಾಗಿ, 1838ರಲ್ಲಿ 41 ದಿನ ಹುಚ್ಚಾಸ್ಪತ್ರೆಯಲ್ಲಿ ಕೂಡಿಹಾಕಿಸಿಕೊಂಡಿದ್ದ. ಹೀಗೆ ಒಳಗಿದ್ದು ಬಂದವರೇ ಒಳಗಿರುವವರ ಪರವಾಗಿ ನಿಂತರು. ರೋಗಿಗಳನ್ನು ಭೇಟಿಯಾಗುವುದು, ವಕೀಲರ ನೆರವು ಒದಗಿಸುವುದು, ಅಧಿಕಾರಿಗಳಿಗೆ ಬಿಡದೆ ಬರೆಯುವುದು ಅವರ ಕೆಲಸ. ಎಪ್ಪತ್ತಕ್ಕೂ ಹೆಚ್ಚು ಜನರ ಪ್ರಕರಣಗಳನ್ನು ಅವರು ಕೈಗೆತ್ತಿಕೊಂಡರೆಂದು ತಿಳಿದುಬರುತ್ತದೆ. ಇಂಥ ಸಂಘ ಏನು ಸಾಧಿಸೀತು ಎಂದು ಟೈಮ್ಸ್ ಪತ್ರಿಕೆ ಹೀಗಳೆಯಿತು. ಹುಚ್ಚು ಬಿಟ್ಟವರ ಮಾತಿಗೂ ಬೆಲೆಯೇ ಎಂಬ ಭಾವ ದೊಡ್ಡವರಲ್ಲೆಲ್ಲ ಇತ್ತು.

ಪರ್ಸಿವಲ್ ಜಗ್ಗಲಿಲ್ಲ. 1859ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿಯುತ್ತಾ, ಮಹಾರಾಣಿಯವರ ಎಲ್ಲ ಹುಚ್ಚರಿಗೂ ತಾನು ಅಟಾರ್ನಿ ಜನರಲ್ ಎಂದು ಹೇಳಿಕೊಂಡನಂತೆ. 1862ರ ತಿದ್ದುಪಡಿ ಕಾನೂನಿನಲ್ಲಿ, ರೋಗಿಯು ಮೇಲ್ವಿಚಾರಣೆಯ ಕಮಿಷನರರಿಗೆ ಬರೆದ ಪತ್ರವನ್ನು ಒಡೆಯದೆ ಕಳುಹಿಸಬೇಕೆಂಬ ನಿಯಮ ಬಂತು. ಒಂದು ಲಕೋಟೆಯ ಅಂಟು ಕಾಯಲು ಇಷ್ಟು ವರ್ಷ ಬೇಕಾಯಿತು! ಸಂಘ ಆ ದಶಕದಲ್ಲಿಯೇ ಕಣ್ಮರೆಯಾಯಿತು; ಪರ್ಸಿವಲ್ 1876ರಲ್ಲಿ ತೀರಿಕೊಂಡ.

ನಂತರದ ಕಥೆ ದೀರ್ಘವಾದುದು. 1970ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ರೋಗಿಗಳಾಗಿದ್ದವರೇ ನಡೆಸುವ ಆಸರೆಮನೆಗಳೂ ಸಂಘಗಳೂ ಹುಟ್ಟಿದವು. ಜೂಡಿ ಚೇಂಬರ್ಲಿನ್ ಎಂಬ ಮಹಿಳೆ, ಆಸ್ಪತ್ರೆಯಲ್ಲಿ ತಾವು ಕಂಡುದರ ಮೇಲೆ 1978ರಲ್ಲಿ ಪುಸ್ತಕ ಬರೆದು ಅದಕ್ಕೆ ದನಿಯಾದರು. ನಮ್ಮಲ್ಲಿ 1858, 1912, 1987 ಹೀಗೆ ಒಂದಾದ ಮೇಲೊಂದು ಕಾನೂನು ಬಂದವು. ಅವುಗಳ ನಡುವೆಯೇ 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ, ಸರಪಳಿಯಲ್ಲಿ ಬಿಗಿದಿದ್ದ ಮನೋರೋಗಿಗಳು ಬೆಂಕಿಯಿಂದ ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. 2017ರಲ್ಲಿ ಅಂಗೀಕಾರವಾಗಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ. ರೋಗಿಗೆ ಪತ್ರ, ದೂರವಾಣಿ, ಭೇಟಿಯ ಹಕ್ಕು ಕೊಟ್ಟಿದೆ. ಮುಂದೆ ಕಾಯಿಲೆಯಾದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, ರಾಜ್ಯದ ಪ್ರಾಧಿಕಾರದಲ್ಲಿ ಮನೋರೋಗವನ್ನು ಅನುಭವಿಸಿದವರ ಪ್ರತಿನಿಧಿಗಳಿಗೆ ಎರಡು ಸ್ಥಾನಗಳಿರಬೇಕೆಂದಿದೆ. ಕಾಗದದ ಮೇಲಿನ ಸ್ಥಾನಗಳು ಎಲ್ಲೆಡೆ ನಿಜವಾದ ಕುರ್ಚಿಗಳಾಗಿವೆಯೇ ಎಂಬುದು ಬೇರೆ ಪ್ರಶ್ನೆ.

ಇದನ್ನೆಲ್ಲ ಓದುವಾಗ ನನ್ನನ್ನು ಕಾಡಿದವರು ಪರ್ಸಿವಲ್ ಅಲ್ಲ, ನನ್ನೊಡನೆ ಇದ್ದ ಗಣಿತದ ಮೇಷ್ಟ್ರೊಬ್ಬರು. ನಾಲ್ಕು ತಿಂಗಳು ಚಿಕಿತ್ಸೆ ಪಡೆದು ಗುಣವಾಗಿ ಶಾಲೆಗೆ ಮರಳಿದರು. ಆ ವರ್ಷ ವೇಳಾಪಟ್ಟಿ ತಯಾರಿಸುವ ಹೊಣೆ ನನ್ನದಾಗಿತ್ತು. ಅವರಿಗೆ ಶ್ರಮವಾಗದಿರಲಿ ಎಂಬ ಸದುದ್ದೇಶದಿಂದಲೇ ಹತ್ತನೆಯ ತರಗತಿಯ ಗಣಿತವನ್ನು ತೆಗೆದು ಎಂಟನೆಯ ತರಗತಿಯನ್ನೂ ಗ್ರಂಥಾಲಯದ ಅವಧಿಗಳನ್ನೂ ಹಾಕಿದೆ. ಅವರು ಬಂದು, “ಮೇಷ್ಟ್ರೇ, ನನ್ನನ್ನೊಂದು ಮಾತು ಕೇಳಬಹುದಿತ್ತಲ್ಲ” ಎಂದರು. ಸ್ವಲ್ಪ ದನಿಯೇರಿಸಿಯೇ ಹೇಳಿದರು. ಅವರು ಆಚೆ ಹೋದ ಮೇಲೆ ಸಿಬ್ಬಂದಿ ಕೊಠಡಿಯಲ್ಲಿ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು; “ಇನ್ನೂ ಪೂರ್ತಿ ಸರಿಹೋಗಿಲ್ಲ, ಪಾಪ” ಎಂದವನು ನಾನೇ. ಮರುದಿನ ಅವರು ವೇಳಾಪಟ್ಟಿಗೆ ಸಹಿ ಮಾಡಿ, ಸೀಮೆಸುಣ್ಣ ತೆಗೆದುಕೊಂಡು ಎಂಟನೆಯ ತರಗತಿಗೆ ಹೋದರು.