ಹುಸಾರ್ ಅಶ್ವಪಡೆ, ಪೋಲೆಂಡಿನ

16ರಿಂದ 18ನೆಯ ಶತಮಾನದವರೆಗೆ ಪೋಲೆಂಡ್–ಲಿಥುವೇನಿಯ ಸೈನ್ಯದಲ್ಲಿದ್ದ ಭರ್ಜಿಯ ರಾವುತರ ಪಡೆ. ಪೋಲಿಷರ ಅಭಿಮಾನದ ಈ ಪಡೆಯ ಮೊದಲಿಗರು ಹೊರಗಿನವರು. ತುರ್ಕರ ಕೈಗೆ ನಾಡು ಹೋದ ಮೇಲೆ ಬಡಗಣಕ್ಕೆ ಸರಿದ ಸೆರ್ಬಿಯದ ಕೂಲಿ ಸವಾರರು 1500ರ ಹೊತ್ತಿಗೆ ಪೋಲಿಷ್ ಬೊಕ್ಕಸದ ಲೆಕ್ಕಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಮರದ ಗುರಾಣಿ, ಭರ್ಜಿ, ಚುರುಕು ಕುದುರೆ. ಅವರ ಸರಂಜಾಮು ಬಹುಮಟ್ಟಿಗೆ ಇಷ್ಟೇ. 1576ರಲ್ಲಿ ಪಟ್ಟಕ್ಕೆ ಬಂದ ಸ್ಟೆಫಾನ್ ಬಾತೊರಿ ಗುರಾಣಿ ಬಿಡಿಸಿ, ಉಕ್ಕಿನ ಕವಚ ತೊಡಿಸಿ, ಇದನ್ನು ಭಾರಿ ಅಶ್ವಪಡೆಯಾಗಿ ಮಾಡಿದ. ಹಂಗೇರಿಯ ಹುಸಾರರು ಮಾತ್ರ ಹಗುರ ಸವಾರರಾಗಿಯೇ ಉಳಿದರು. ಯೂರೋಪಿನ ಉಳಿದೆಡೆ ಹಬ್ಬಿದ್ದು ಅವರ ಮಾದರಿ.

ಪಡೆಯ ಜೀವಾಳ ಕೋಪಿಯ ಎಂಬ ಭರ್ಜಿ. ಸುಮಾರು ಐದು ಮೀಟರ್ ಉದ್ದದ ಮರವನ್ನು ಒಳಗೆ ಕೊರೆದು ಟೊಳ್ಳಾಗಿಸಿ ಅಂಟಿಸುತ್ತಿದ್ದುದರಿಂದ ಅದು ಉದ್ದಕ್ಕೆ ತಕ್ಕ ಭಾರವಿರಲಿಲ್ಲ. ಮೊದಲ ಹೊಡೆತಕ್ಕೇ ಮುರಿಯುತ್ತಿತ್ತು. ಆಮೇಲಿನ ಕೆಲಸ ಕತ್ತಿಯದು. ಕುದುರೆ, ಕವಚ, ಜೊತೆಯ ಸೇವಕ ಸವಾರರು ಎಲ್ಲವೂ ಕುಲೀನ ಯೋಧನ ಸ್ವಂತ ಖರ್ಚು. ಮುರಿಯುವ ಭರ್ಜಿಯನ್ನು ಒದಗಿಸುವುದು ಮಾತ್ರ ಸರ್ಕಾರದ ಹೊಣೆ.

1605ರಲ್ಲಿ ರೀಗಾ ಬಳಿಯ ಕಿರ್ಖೋಲ್ಮ್‌ನಲ್ಲಿ ಸೇನಾಪತಿ ಖೊದ್ಕೇವಿಚ್ ಹಿಮ್ಮೆಟ್ಟಿದಂತೆ ನಟಿಸಿ ಸ್ವೀಡಿಷರನ್ನು ಗುಡ್ಡದಿಂದ ಕೆಳಗೆಳೆದ. ನಾಲ್ಕು ಸಾವಿರಕ್ಕಿಂತ ಕಡಿಮೆ ಜನರಿಂದ ಹನ್ನೊಂದು ಸಾವಿರದಷ್ಟು ಸೈನ್ಯ ನುಚ್ಚುನೂರಾಯಿತು. 1610ರ ಕ್ಲುಶಿನೊ ಕಾಳಗದಲ್ಲಿ ಕೆಲವು ತುಕಡಿಗಳು ಎಂಟು ಹತ್ತು ಸಲ ಲಗ್ಗೆಯಿಟ್ಟವು. 1683ರಲ್ಲಿ ವಿಯೆನ್ನಾದ ಮುತ್ತಿಗೆ ಬಿಡಿಸಲು ಪೋಲಿಷ್ ದೊರೆ ಯಾನ್ ಸೊಬಿಯೆಸ್ಕಿ ಬೆಟ್ಟದಿಂದ ಧುಮುಕಿಸಿದ ದಾಳಿ ಎಲ್ಲಕ್ಕಿಂತ ಹೆಸರಾಂತದ್ದು. ಯುದ್ಧಕೌಶಲದಲ್ಲಿ ಕಿರ್ಖೋಲ್ಮೇ ಮೇಲು.

ಆದರೆ 1626ರಲ್ಲೇ ಗ್ನಿಯೆವ್‌ನಲ್ಲಿ ಸ್ವೀಡನ್ನಿನ ದೊರೆ ಗುಸ್ತಾವ್ ಅಡಾಲ್ಫನ ಬಂದೂಕುಗಳು ಇವರನ್ನು ತಡೆದಿದ್ದವು. 1702ರಲ್ಲಿ ಕ್ಲಿಶೊವ್‌ನಲ್ಲಿ ಸೋತ ಮೇಲೆ ಪಡೆ ಚೇತರಿಸಿಕೊಳ್ಳಲಿಲ್ಲ. ದೊಡ್ಡವರ ಶವಯಾತ್ರೆಗೆ ಮೆರುಗು ಕೊಡುವುದೇ ಮುಖ್ಯ ಕೆಲಸವಾಗಿ ಜನ ಇದನ್ನು 'ಮಸಣದ ಸೈನ್ಯ' ಎಂದು ಹಂಗಿಸಿದರು. 1776ರಲ್ಲಿ ಸಂಸತ್ತು ಕಾನೂನು ಮಾಡಿ ವಿಸರ್ಜಿಸಿತು.

ಇನ್ನು ಈ ಸವಾರರ ಗುರುತಾದ ಗರಿಯ ರೆಕ್ಕೆಗಳು. ಅವುಗಳ ಸದ್ದಿಗೆ ಶತ್ರುಗಳ ಕುದುರೆ ಬೆದರುತ್ತಿದ್ದವೆಂಬ ಕಥೆ ಜನಪ್ರಿಯ. ರಣರಂಗಕ್ಕೆ ಅವನ್ನು ಒಯ್ಯುತ್ತಿದ್ದರೇ ಎಂಬುದರಲ್ಲೇ ಇತಿಹಾಸಕಾರರಿಗೆ ಒಮ್ಮತವಿಲ್ಲ. ಮೆರವಣಿಗೆಯಲ್ಲಿ ಧರಿಸುತ್ತಿದ್ದುದಕ್ಕೆ ಸಾಕ್ಷಿ, 1605ರ ರಾಜವಿವಾಹದ ದಿಬ್ಬಣವನ್ನು ಚಿತ್ರಿಸಿದ ಸುಮಾರು 15 ಮೀಟರ್ ಉದ್ದದ 'ಸ್ಟಾಕ್‌ಹೋಮ್ ಸುರುಳಿ'. ಸ್ವೀಡಿಷರು ಕೊಳ್ಳೆ ಹೊಡೆದೊಯ್ದಿದ್ದ ಈ ಸುರುಳಿಯನ್ನು 1974ರಲ್ಲಿ ಸ್ವೀಡನ್ ಹಿಂದಿರುಗಿಸಿತು. ಈಗ ಅದು ವಾರ್ಸಾದ ಅರಮನೆಯಲ್ಲಿದೆ.